ಶಾಂತಲಾ ಕಟ್ಟಿದ ಮಾತಿನ ಮರ

ಆ ಶುಕ್ರವಾರ ಬೆಳಿಗ್ಗೆ ನನ್ನ ತಮ್ಮ ಹೊನ್ನಯ್ಯ, ಮಗಳು ಶಾಂತಲಾ ಅವನ ಬಾಯಿಗೆ ಹಿಡಿದ ನೀರಿನ ಲೋಟವನ್ನು ಎಡಗೈಯಿಂದ ಬೀಸಿ ಹೊಡೆದ. ಲೋಟ ಗೋಡೆಗೆ ಬಡಿದು ಉರುಳಿಕೊಂಡು ಮಂಚದ ಕೆಳಗೆ ಹೋಯಿತು. ಶಾಂತಲಾಳ ಮುಖ, ಕುತ್ತಿಗೆ, ಕೆಲಸಕ್ಕೆ ಹೋಗಲು ಉಟ್ಟಿದ್ದ ಸೀರೆ ಎಲ್ಲ ನೀರು. ಅವಳು ಒರೆಸಿಕೊಳ್ಳಲಿಲ್ಲ.

"ನೀರು ಅಂತ ನೀನೇ ತಾನೆ ಅಪ್ಪಾ ಒತ್ತಿದ್ದು?" ಎಂದಳು.

ಅವನು ಉತ್ತರ ಹೇಳುವ ಹಾಗಿರಲಿಲ್ಲ. ಹಿಂದಿನ ವರ್ಷ ಲಕ್ವ ಹೊಡೆದು ಬಲಗಡೆಯ ಮೈ ಬಿದ್ದುಹೋಗಿತ್ತು. ಜೊತೆಗೆ ನಾಲಿಗೆಯೂ ಬಿದ್ದಿತ್ತು. ಬುದ್ಧಿ ಮಾತ್ರ ನೆಟ್ಟಗಿದೆ ಎಂದು ನಾನು ನಂಬಿದ್ದೆ, ಶಾಂತಲಾ ನಂಬಿದ್ದಳು. ಅವಳ ಅಣ್ಣ ನಾಗಭೂಷಣ ಆ ವಾರ ನಂಬುವುದನ್ನು ಬಿಟ್ಟಿದ್ದ. ಅಪ್ಪನಿಗೆ ತಲೆ ಕೆಟ್ಟಿದೆ, ಬೆಂಗಳೂರಿಗೆ ಕರೆದುಕೊಂಡು ಹೋಗಿ ಹುಚ್ಚಿನ ಡಾಕ್ಟರಿಗೆ ತೋರಿಸುತ್ತೇನೆ, ಮಧ್ಯಾಹ್ನ ಕಾರು ತರುತ್ತೇನೆ ಎಂದು ಕುಣಿಗಲ್‌ನಿಂದ ಫೋನು ಮಾಡಿದ್ದ. ದಾರಿಯಲ್ಲಿ ಗಲಾಟೆ ಮಾಡದ ಹಾಗೆ ನಿದ್ದೆ ಮಾತ್ರೆಯನ್ನೂ ಯಾರಿಂದಲೋ ಬರೆಸಿಕೊಂಡಿದ್ದ. ಕಾರು ಬರುವುದರೊಳಗೆ ಅಪ್ಪ ಏನು ಹೇಳುತ್ತಿದ್ದಾನೆ ಎಂಬುದು ಶಾಂತಲಾಳಿಗೆ ಗೊತ್ತಾಗಬೇಕಿತ್ತು. ಮಾತ್ರೆ ನುಂಗಿಸಿ ಮಲಗಿಸಿದ ಮೇಲೆ ಅವನು ಹೇಳುವುದೂ ಇಲ್ಲ, ನಾವು ಕೇಳುವುದೂ ಇಲ್ಲ.

ಇದು ಎರಡು ಸಾವಿರದ ಮೂರನೇ ಇಸವಿಯ ಮಾತು. ಆಗ ನಾವು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಹೊನ್ನಯ್ಯ, ಅವನ ಮಗಳು, ಅವರಿಗೆ ಬೇಯಿಸಿ ಹಾಕಲು ಹಾಗಲವಾಡಿಯಿಂದ ಬಂದ ನಾನು. ಹೊನ್ನಯ್ಯನ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು.

ಹೊನ್ನಯ್ಯ ಗುಬ್ಬಿ ಸಂತೆಯಲ್ಲಿ ತೆಂಗಿನಕಾಯಿ ರಾಶಿಯ ಮುಂದೆ ನಿಂತು ಬೆಲೆ ಕೂಗುತ್ತಿದ್ದವನು. ಅವನು ಬಾಯಿ ಬಿಟ್ಟರೆ ಸಂತೆಯ ಆ ತುದಿಯಲ್ಲಿ ಸೊಪ್ಪು ಮಾರುವ ಹನುಮಂತಮ್ಮ "ಮೆತ್ತಗೆ ಕೂಗೋ ಹೊನ್ನಯ್ಯಾ, ನಿನ್ನ ಗಂಟ್ಲಿಗೆ ನನ್ನ ಸೊಪ್ಪು ಬಾಡೋಯ್ತು" ಎಂದು ಬಯ್ಯುತ್ತಿದ್ದಳು. ಇಂಥವನ ಮಗಳು ಶಾಂತಲಾ ಮಾತೇ ಆಡದವಳು. ಚಿಕ್ಕವಳಿದ್ದಾಗ ಹಸಿವಾದರೆ ಕೇಳುತ್ತಿರಲಿಲ್ಲ, ಅಡುಗೆಮನೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು, ಅಷ್ಟೇ. ಬಸ್ಸಿನಲ್ಲಿ ಗುಬ್ಬಿಯಿಂದ ತುಮಕೂರಿಗೆ ಓಡಾಡಿ ಬಿಎಸ್ಸಿ ಮಾಡಿದಳು. ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯುವಳೇ ಹೊರತು ಯಾರನ್ನೂ ಏನೂ ಕೇಳುವವಳಲ್ಲ. ಕೊನೆಗೆ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಾಲೇಜು ಹುಡುಗರಿಗೆ ವೆಬ್ ಪೇಜು ಮಾಡುವುದನ್ನು ಕಲಿಸುವ ಕೆಲಸ ಹಿಡಿದಳು. ಮಾತಾಡದವಳು ಪಾಠ ಹೇಗೆ ಮಾಡುತ್ತಾಳೆ ಎಂದು ನನಗೆ ಸೋಜಿಗ. ಒಮ್ಮೆ ಬುತ್ತಿ ಕೊಡಲು ಹೋದಾಗ ಬಾಗಿಲಲ್ಲಿ ನಿಂತು ಕೇಳಿದೆ. ಮೆತ್ತಗೆ, ಒಂದೊಂದೇ ಮಾತು, ಹೊಲಿಗೆ ಹಾಕಿದ ಹಾಗೆ ಹೇಳುತ್ತಿದ್ದಳು. ಹುಡುಗರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಅಪ್ಪನ ಮಾತು ನಿಂತ ಮೇಲೆ ಅವಳು ಮೊದಲು ಹಳೇ ಕ್ಯಾಲೆಂಡರಿನ ಹಿಂದೆ ಚಿತ್ರ ಬರೆದು ಗೋಡೆಗೆ ನೇತುಹಾಕಿದಳು. ಲೋಟ, ತಟ್ಟೆ, ಫ್ಯಾನು, ಹೊದಿಕೆ. ಹೊನ್ನಯ್ಯನ ಎಡಗೈ ನಡುಗುತ್ತಿತ್ತು. ಕಾಫಿ ಎಂದು ತೋರಿಸಲು ಹೋದರೆ ಬೆರಳು ಫ್ಯಾನಿನ ಮೇಲೆ ಕೂರುತ್ತಿತ್ತು. ಚಳಿಯಲ್ಲಿ ನಾವು ಫ್ಯಾನು ಹಾಕುವುದು, ಅವನು ಹಲ್ಲು ಕಡಿಯುವುದು. ಹೂಂ ಎಂದು ತಲೆಯಾಡಿಸೋಣವೆಂದರೆ ಕುತ್ತಿಗೆಯೂ ಅವನ ಮಾತು ಕೇಳುತ್ತಿರಲಿಲ್ಲ, ಯಾವ ಮಾತಿಗಾದರೂ ಅದು ಅಡ್ಡಡ್ಡ ಅಲುಗುತ್ತಿತ್ತು. ಚಿತ್ರ ಹೆಚ್ಚಿಸಿದರೆ ಗೊಂದಲ, ಕಡಿಮೆ ಮಾಡಿದರೆ ಹೇಳಲಿಕ್ಕೆ ಸಾಲದು.

ಆಗ ಅವಳು ಒಂದು ಹಳೆಯ ಕಂಪ್ಯೂಟರ್ ತಂದು ಮಂಚದ ಪಕ್ಕದಲ್ಲಿಟ್ಟಳು, ಒತ್ತಲು ಮೌಸನ್ನು ಅವನ ಎಡಗೈಗೆ ಸಿಗುವ ಹಾಗಿಟ್ಟಳು. ಅದರಲ್ಲಿ ಒಂದು ವೆಬ್ ಪೇಜು ಮಾಡಿದಳು. ಪರದೆಯ ಮೇಲೆ ಮೊದಲು ಕಾಣುವುದು ಐದು ದೊಡ್ಡ ಚಿತ್ರ: ಪೂಜೆ, ಊಟ, ಮೈ, ಮನೆ, ಜನ. ಊಟವನ್ನು ಒತ್ತಿದರೆ ಅದರ ಕೆಳಗೆ ಮುದ್ದೆ, ಅನ್ನ, ಮಜ್ಜಿಗೆ, ಕಾಫಿ, ನೀರು ಬಿಚ್ಚಿಕೊಳ್ಳುತ್ತವೆ. ಮೈಯನ್ನು ಒತ್ತಿದರೆ ತಲೆ, ಎದೆ, ಹೊಟ್ಟೆ, ಕೈ, ಕಾಲು. ಬೇಕಾದ ಚಿತ್ರ ಒತ್ತಿದರೆ ಅದರ ಸುತ್ತ ಕೆಂಪು ಚೌಕಟ್ಟು ಬರುತ್ತದೆ. ಕೆಳಗಡೆ ಹೌದು, ಇಲ್ಲ ಎಂದು ಎರಡು ದೊಡ್ಡ ಗುಂಡಿ. ಹೀಗೆ ಒಂದರಿಂದ ಇನ್ನೊಂದು ಕೊಂಬೆಯ ಹಾಗೆ ಬಿಚ್ಚಿಕೊಳ್ಳುವುದಕ್ಕೆ ಮರ ಎನ್ನುತ್ತಾರಂತೆ.

"ಇದೇನೇ ಇದು, ಮುಟ್ಟಿದ್ರೆ ಮುನಿ ಗಿಡವಾ?" ಎಂದು ಕೇಳಿದೆ.

"ಅದರ ಉಲ್ಟಾ ಅತ್ತೆ. ಮುಟ್ಟಿದ್ರೆ ಅರಳುತ್ತೆ. ಇನ್ನೊಂದ್ಸಲ ಮುಟ್ಟಿದ್ರೆ ಮುದುಡ್ಕೊಳುತ್ತೆ."

"ಮುದುಡ್ಕೊಂಡಾಗ ಒಳಗಿರೋವು ಎಲ್ಲೋಗ್ತವೆ?"

"ಎಲ್ಲೂ ಹೋಗಲ್ಲ, ಅಲ್ಲೇ ಇರ್ತವೆ. ಕಾಣಬೇಡಿ ಅಂತ ಜಾವಾಸ್ಕ್ರಿಪ್ಟ್ ಅನ್ನೋ ಕಂಪ್ಯೂಟರ್ ಭಾಷೇಲಿ ಹೇಳಿರ್ತೀನಿ, ಸುಮ್ನೆ ಕೂತಿರ್ತವೆ."

"ಅವಾದ್ರೂ ನಿನ್ನ ಮಾತು ಕೇಳ್ತವಲ್ಲ, ಬುಡು."

ಅವಳು ನಕ್ಕಳು. ಆದರೆ ಅದು ಸುಲಭಕ್ಕೆ ಕೇಳಲಿಲ್ಲ. ಹೊನ್ನಯ್ಯನ ನಡುಗುವ ಬೆರಳು ಒಂದು ಸಲ ಒತ್ತುವ ಕಡೆ ಎರಡು ಸಲ ಒತ್ತುತ್ತಿತ್ತು. ಕೊಂಬೆ ಬಿಚ್ಚಿಕೊಂಡ ಚಣದಲ್ಲೇ ಮುಚ್ಚಿಕೊಳ್ಳುತ್ತಿತ್ತು. ಒಂದು ಸಲ ಒತ್ತಿದ ಮೇಲೆ ಸ್ವಲ್ಪ ಹೊತ್ತು ಮತ್ತೊಂದು ಒತ್ತನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಅವಳು ಹೊಸದಾಗಿ ಬರೆದಳು. ಆಮೇಲೆ ಎಲ್ಲ ಕೊಂಬೆಯೂ ಬಿಚ್ಚಿಕೊಂಡು ಪರದೆ ತುಂಬಾ ಚಿತ್ರವಾಗಿ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ಅದಕ್ಕೂ ಒಂದು ಸಾಲು ಬರೆದಳು. ಒಂದು ಕೊಂಬೆ ತೆರೆದರೆ ಮಿಕ್ಕ ಕೊಂಬೆಗಳು ತಾವಾಗಿಯೇ ಮುಚ್ಚಿಕೊಳ್ಳಬೇಕು. ಇದು ನೋಡಲು ಬಹಳ ಚೊಕ್ಕಟವಾಗಿತ್ತು. ಸೆಂಟರಿನ ಹುಡುಗರು ಬಂದು ನೋಡಿ, "ಮೇಡಂ, ಸೂಪರ್" ಎಂದು ಹೋದರು.

ಹೊನ್ನಯ್ಯ ಮೊದಲ ಸಲ ಕಾಫಿ ಕೇಳಿ ಕುಡಿದ ದಿನ ಕಣ್ಣೀರು ಹಾಕಿದ. ಆಮೇಲೆ ಅವನ ಹಳೇ ತುಂಟತನ ಬಂದುಬಿಟ್ಟಿತು. ಜನ ಎಂಬ ಕೊಂಬೆಯಲ್ಲಿ ನನ್ನ ಫೋಟೋ ಇತ್ತು. ನಾನು ರೊಟ್ಟಿ ತಟ್ಟುತ್ತಿದ್ದಾಗಲೇ ಅದನ್ನು ಒತ್ತಿ ಒತ್ತಿ ಕರೆಸುವುದು, ನಾನು ಹಿಟ್ಟಿನ ಕೈಯಲ್ಲೇ ಓಡಿಬಂದರೆ ಇಲ್ಲ ಎಂಬ ಗುಂಡಿ ಒತ್ತಿ ಒಂದೇ ಕಡೆಯ ಬಾಯಲ್ಲಿ ನಗುವುದು.

ಅವನಿಗೆ ಮೈ ತೊಳೆದು ಬಟ್ಟೆ ಬದಲಿಸುವುದಕ್ಕೆ ಬೆಳಿಗ್ಗೆ, ಸಂಜೆ ಕೆಂಪಯ್ಯ ಬರುತ್ತಿದ್ದ. ಪಕ್ಕದ ಬೀದಿಯವನು, ನಂಬಿಕಸ್ಥ. ಅವನು ಬಂದ ಕೂಡಲೇ ನಾವು ಹೆಂಗಸರು ಹೊರಗೆ ಹೋಗಿ ಬಾಗಿಲೆಳೆಯುತ್ತಿದ್ದೆವು. ಒಳಗೆ ನಡೆಯುವ ಕೆಲಸಕ್ಕೆ ಶಾಂತಲಾಳ ಮರದಲ್ಲಿ ಚಿತ್ರವಿರಲಿಲ್ಲ. ಇರಬೇಕು ಎಂದು ಹೇಳಿದವರೂ ಇಲ್ಲ. ಮದುವೆಯಾಗದ ಮಗಳು ಅಪ್ಪನ ಮುಂದೆ ಅಂಥ ಚಿತ್ರವನ್ನು ಹೇಗಾದರೂ ಹಾಕಿಯಾಳು? ಮೈ ಎಂಬ ಕೊಂಬೆಯಲ್ಲಿ ಹೊಟ್ಟೆಯಾದ ಮೇಲೆ ನೇರ ಕಾಲು.

ಆ ವಾರದ ಮೊದಲಲ್ಲಿ ಹೊನ್ನಯ್ಯನಿಗೆ ನೆಗಡಿಯಾಯಿತು. ನಾಗಭೂಷಣ ನೋಡಲು ಬಂದವನು ಮೆಡಿಕಲ್ ಸ್ಟೋರಿನಿಂದ ನೆಗಡಿ ಮಾತ್ರೆ ತಂದುಕೊಟ್ಟು ಕುಣಿಗಲ್‌ಗೆ ಹೋದ. ಅಲ್ಲಿ ಅವನದೊಂದು ಗೊಬ್ಬರದ ಅಂಗಡಿ. ನೆಗಡಿ ಇಳಿಯಿತು, ಆದರೆ ಹೊನ್ನಯ್ಯ ಬೇರೆಯವನಾದ. ಮಲಗಿದಲ್ಲಿ ಮಲಗಲಾರ. ಮುಖ ಕಪ್ಪಿಟ್ಟು ಬೆವರುತ್ತಿದ್ದ. ಊಟದ ಕೊಂಬೆ ತೆರೆದು ನೀರು ಒತ್ತಿದ. ನಾವು ನೀರು ಕೊಟ್ಟೆವು, ಉಗಿದ. ಮೈ ತೆರೆದು ಹೊಟ್ಟೆ ಒತ್ತಿದ. ನಾನು ಗ್ಯಾಸು ಎಂದುಕೊಂಡು ಓಂಕಾಳು ಕುದಿಸಿದ ನೀರನ್ನು ಬಲವಂತವಾಗಿ ಕುಡಿಸಿದೆ. ಮನೆ ತೆರೆದು ಹಿತ್ತಲು ಒತ್ತಿದ. ಬಿಸಿಲು ಬೇಕೇನೋ ಎಂದು ಕೆಂಪಯ್ಯ ಎತ್ತಿಕೊಂಡು ಹೋಗಿ ಮಲ್ಲಿಗೆ ಬಳ್ಳಿಯ ಹತ್ತಿರ ಕುರ್ಚಿಯಲ್ಲಿ ಕೂರಿಸಿದ. ಅಲ್ಲಿ ಕಿರುಚಿದ ಕಿರುಚಿಗೆ ಅಕ್ಕಪಕ್ಕದವರು ಗೋಡೆಯ ಮೇಲಿಂದ ತಲೆ ಹಾಕಿ ನೋಡಿದರು. ಒಳಗೆ ತಂದರೆ ಮತ್ತೆ ನೀರು. ಮತ್ತೆ ಹೊಟ್ಟೆ. ಮತ್ತೆ ಹಿತ್ತಲು.

ಎಲ್ಲ ಕೊಟ್ಟು ನೋಡಿದ್ದೇ ಆಯಿತು, ಏನೂ ಅವನಿಗೆ ಬೇಡ. ಫೋನಿನಲ್ಲಿ ಇದನ್ನೆಲ್ಲ ಕೇಳಿದ ನಾಗಭೂಷಣ, "ಬುದ್ಧಿ ಹೋಗ್ಯದೆ ಅತ್ತೆ, ಕೋತಿ ಕೊಂಬೆಯಿಂದ ಕೊಂಬೆಗೆ ಹಾರ್ದಂಗೆ ಆಡ್ತಾವ್ರೆ" ಎಂದುಬಿಟ್ಟ. ಗುರುವಾರ ರಾತ್ರಿ ನನಗೂ ಹಾಗೇ ಅನ್ನಿಸಿತ್ತು.

ಶುಕ್ರವಾರ ಲೋಟ ಬಿದ್ದ ಮೇಲೆ ಶಾಂತಲಾ ಕೆಲಸಕ್ಕೆ ಹೋಗಲಿಲ್ಲ. ಒದ್ದೆ ಸೀರೆಯಲ್ಲೇ ಅಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಅವನೇನು ಒತ್ತಿದರೂ ತರಲು ಓಡಲಿಲ್ಲ. ನನ್ನನ್ನೂ ಓಡಲು ಬಿಡಲಿಲ್ಲ.

"ಏನೇ ಹಂಗೆ ನೋಡ್ಕಂಡ್ ಕೂತಿದೀಯ? ನೀರ್ ಕೇಳ್ತಾವ್ನೆ ಕಣೇ."

"ಇರು ಅತ್ತೆ. ಅಪ್ಪ ಹೇಳಿ ಮುಗಿಸ್ಲಿ."

ಹೊನ್ನಯ್ಯನ ಕೈ ಮೌಸಿನ ಮೇಲೆ ನಡುಗುತ್ತಿತ್ತು. ಅವನು ಊಟ ತೆರೆದ, ನೀರು ಒತ್ತಿದ, ಕೆಂಪು ಚೌಕಟ್ಟು ಬಂತು. ನಾವು ಏಳಲಿಲ್ಲ. ಅವನು ಮೈ ತೆರೆದ. ತೆರೆಯುತ್ತಲೇ ಊಟದ ಕೊಂಬೆ ಮುಚ್ಚಿಕೊಂಡು ನೀರು ಮಾಯವಾಯಿತು. ಅವನು ಗಂಟಲಲ್ಲಿ ಗರ್‌ ಎಂದು ಮೌಸನ್ನು ಎತ್ತಿ ಮೇಜಿಗೆ ಕುಕ್ಕಿದ. ಹೊಟ್ಟೆ ಒತ್ತಿದ. ಮನೆ ತೆರೆದ. ಹೊಟ್ಟೆ ಮಾಯವಾಯಿತು. ಮತ್ತೆ ಕುಕ್ಕಿದ. ಅವನ ಕಣ್ಣು ತೆರೆದ ಕೊಂಬೆಯ ಮೇಲಿರಲಿಲ್ಲ, ಮುಚ್ಚಿಕೊಂಡ ಕಡೆಯೇ ಇತ್ತು.

ಶಾಂತಲಾ ಮುಂದಕ್ಕೆ ಬಾಗಿದಳು. "ಅತ್ತೆ, ಅಪ್ಪಂಗೆ ಸಿಟ್ಟು ನಮ್ಮೇಲಲ್ಲ."

"ಮತ್ತಿನ್ಯಾರ ಮೇಲೆ?"

"ಮುಚ್ಕೊಳೋದರ ಮೇಲೆ. ಅಪ್ಪ ಒಂದು ಆದ್ಮೇಲೆ ಒಂದು ಕೇಳ್ತಿಲ್ಲ. ಮೂರನ್ನೂ ಜೊತೇಲಿಟ್ಟು ಏನೋ ಹೇಳ್ತವ್ರೆ. ನಾನೇ ಮುಚ್ಚಿಸ್ತಾ ಇದೀನಿ."

ಹೀಗೆ ನೋಡುತ್ತಲೇ ಮಧ್ಯಾಹ್ನವಾಗಿತ್ತು. ಹೊರಗೆ ಕಾರಿನ ಹಾರ್ನು ಕೇಳಿತು. ನಾಗಭೂಷಣ ಒಳಗೆ ಬಂದ. ಚಪ್ಪಲಿಯನ್ನೂ ಬಿಚ್ಚಿರಲಿಲ್ಲ. ಅವನ ಹಿಂದೆ, ಎತ್ತಿ ಕೂರಿಸಲು ಕರೆಸಿದ್ದ ಕೆಂಪಯ್ಯ.

"ರೆಡಿ ಮಾಡಿಲ್ವಾ ಇನ್ನೂ? ನೋಡಕ್ಕಾಗ್ತಿಲ್ಲ ಅಪ್ಪನ್ನ. ಅತ್ತೆ, ನೀರ್ ಕೊಡಿ, ಮಾತ್ರೆ ಹಾಕಿಬಿಡಾನ."

"ಅಣ್ಣಾ, ಒಂಚೂರು ತಡಿ. ಮರ ಸರಿಮಾಡ್ತೀನಿ."

"ಏನ್ಲೇ ಶಾಂತಲಾ, ಅಪ್ಪ ಸಾಯ್ತಾ ಕೂತಿದ್ರೆ ನೀನು ಕಂಪ್ಯೂಟರ್ ರಿಪೇರಿ ಮಾಡ್ತೀಯಾ?"

ಅವಳು ಕೀಬೋರ್ಡಿನಿಂದ ಕೈ ತೆಗೆಯಲಿಲ್ಲ. ಆಗಲೇ ಮರವನ್ನು ಪಕ್ಕಕ್ಕೆ ಸರಿಸಿ ಅದರ ಬೇರನ್ನು, ಅಂದರೆ ತಾನು ಬರೆದ ಸಾಲುಗಳನ್ನು ತೆಗೆದಿದ್ದಳು. ಬಿಳಿ ಹಾಳೆಯ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ. ಅವಳ ಬೆರಳು ಒಂದು ಕಡೆ ನಿಂತಿತು. "ಇದೇ ಅದು, ಮಿಕ್ಕಿದ್ದನ್ನ ಮುಚ್ಚೋದು" ಎಂದು ತನಗೆ ತಾನೇ ಹೇಳಿಕೊಂಡಳು.

ಅಷ್ಟರಲ್ಲಿ ಕರೆಂಟು ಹೋಯಿತು.

ಫ್ಯಾನು ನಿಂತಿತು. ಮೇಜಿನ ಕೆಳಗಿನ ಯುಪಿಎಸ್ ಪೆಟ್ಟಿಗೆ ಕೀಂ, ಕೀಂ ಎಂದು ಕೂಗತೊಡಗಿತು. ಅದರ ಬ್ಯಾಟರಿ ಹಳೆಯದು. ಹೆಚ್ಚು ಹೊತ್ತು ತಡೆಯುವುದಿಲ್ಲ, ಕಂಪ್ಯೂಟರನ್ನು ಸರಿಯಾಗಿ ಮುಚ್ಚುವಷ್ಟು ವೇಳೆ ಕೊಟ್ಟರೆ ಪುಣ್ಯ ಎಂದು ಅವಳೇ ಎಷ್ಟೋ ಸಲ ಹೇಳಿದ್ದಳು.

"ದೇವ್ರೇ ಹೇಳ್ತಾವ್ನೆ, ಬುಡು ಇನ್ನ" ಎಂದ ನಾಗಭೂಷಣ. ಮಾತ್ರೆಯ ಪೊಟ್ಟಣ ಹರಿದು ಅಂಗೈಗೆ ಹಾಕಿಕೊಂಡ. ಹೊನ್ನಯ್ಯ ಅದನ್ನು ನೋಡಿದ. ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಅವನ ಹೊಟ್ಟೆ ಪಂಚೆಯ ಮೇಲೆ ಗುಮ್ಮಟದ ಹಾಗೆ ಎದ್ದಿತ್ತು. ನಾನು ಅದನ್ನು ನೋಡುತ್ತಲೇ ಇದ್ದೆ, ಗ್ಯಾಸು ಎಂದೇ ತಿಳಿದಿದ್ದೆ.

ಶಾಂತಲಾ ಕೆಲವು ಸಾಲು ಅಳಿಸಿ ಮರವನ್ನು ಮತ್ತೆ ತಂದಳು. ಐದು ಚಿತ್ರಗಳೂ ಬಂದವು. ಹೊನ್ನಯ್ಯ ಒತ್ತಿದ. ಏನೂ ತೆರೆಯಲಿಲ್ಲ. ಇನ್ನೊಂದು ಒತ್ತಿದ, ಅದೂ ತೆರೆಯಲಿಲ್ಲ. ಪರದೆಯ ಕೆಳಮೂಲೆಯಲ್ಲಿ ಹಳದಿ ಮುಕ್ಕೋಣವೊಂದು ಮೂಡಿತ್ತು. ಅದು ಬಂದರೆ ಬರೆದದ್ದರಲ್ಲಿ ಎಲ್ಲೋ ತಪ್ಪಿದೆ ಎಂದು ಅರ್ಥ. ಮರ ಇತ್ತು, ಜೀವ ಇರಲಿಲ್ಲ.

"ಕೆಡಿಸಾಕಿದ್ಯಾ?" ಎಂದ ನಾಗಭೂಷಣ. ಈ ಸಲ ಅವನ ದನಿಯಲ್ಲಿ ಬಯ್ಗುಳಕ್ಕಿಂತ ದಿಗಿಲಿತ್ತು.

ಯುಪಿಎಸ್ ಬೇಗ ಬೇಗ ಕೂಗಲು ಶುರುಮಾಡಿತು. ಶಾಂತಲಾ ಮತ್ತೆ ಬೇರಿಗೆ ಇಳಿದಳು. ಅವಳ ತುಟಿ ಅಲುಗುತ್ತಿತ್ತು. ತೆರೆದ ಬ್ರ್ಯಾಕೆಟ್ಟು, ಮುಚ್ಚಿದ ಬ್ರ್ಯಾಕೆಟ್ಟು, ತೆರೆದದ್ದು, ಮುಚ್ಚಿದ್ದು ಎಂದು ಜಪದ ಹಾಗೆ ಹೇಳಿಕೊಂಡು ಸಾಲು ಸಾಲು ಇಳಿದಳು. ಸಾಲುಗಳನ್ನು ಅಳಿಸುವ ಆತುರದಲ್ಲಿ ಬೇರೊಂದು ಸಾಲಿಗೆ ಸೇರಿದ ಕೊನೆಯ ಬ್ರ್ಯಾಕೆಟ್ಟನ್ನೂ ಅಳಿಸಿಬಿಟ್ಟಿದ್ದಳಂತೆ. ಅದೊಂದನ್ನು ಹಾಕಿದಳು. ಮರ ತಂದಳು. ಮುಕ್ಕೋಣ ಹೋಗಿತ್ತು.

"ಅಪ್ಪಾ, ಈಗ ಹೇಳು. ಮುಚ್ಕೊಳಲ್ಲ ಇನ್ನ."

ಹೊನ್ನಯ್ಯ ಊಟ ತೆರೆದು ನೀರು ಒತ್ತಿದ. ಮೈ ತೆರೆದ. ಊಟದ ಕೊಂಬೆ ಹಾಗೇ ನಿಂತಿತು. ಅವನು ಕೈ ಎತ್ತಿ ಕುಕ್ಕಲು ಹೋದವನು ಹಾಗೇ ತಡೆದ. ಹೊಟ್ಟೆ ಒತ್ತಿದ. ಮನೆ ತೆರೆದ, ಹಿತ್ತಲು ಒತ್ತಿದ. ಆಮೇಲೆ ಮೌಸಿನಿಂದ ಕೈ ತೆಗೆದ. ಅಷ್ಟು ದಿನದಲ್ಲಿ ಅವನು ತಾನಾಗಿ ಕೈ ತೆಗೆದದ್ದು ಅದೇ ಮೊದಲು. ಮಗಳ ಮುಖ ನೋಡಿದ.

ಪರದೆಯ ಮೇಲೆ ಮೂರು ಕೆಂಪು ಚೌಕಟ್ಟು ಒಟ್ಟಿಗೆ ನಿಂತಿದ್ದವು. ನೀರು. ಹೊಟ್ಟೆ. ಹಿತ್ತಲು. ಹಿತ್ತಲಿನ ಚಿತ್ರದಲ್ಲಿ ಶಾಂತಲಾ ಮಲ್ಲಿಗೆ ಬಳ್ಳಿ ಬರೆದಿದ್ದಳು, ಬಟ್ಟೆ ಒಗೆಯುವ ಕಲ್ಲು ಬರೆದಿದ್ದಳು. ಮೂಲೆಯಲ್ಲಿ ಇರುವ ಪಾಯಿಖಾನೆಯನ್ನು ಬರೆದಿರಲಿಲ್ಲ.

ಅವಳು ಎದ್ದು ನಿಂತಳು. "ಕೆಂಪಯ್ಯಾ, ಅಪ್ಪಂಗೆ ಬಟ್ಟೆ ಬದಲಾಯಿಸ್ತೀಯಲ್ಲ, ಒದ್ದೆ ಆಗಿರುತ್ತಾ?"

ಕೆಂಪಯ್ಯ ನೆಲ ನೋಡಿದ. "ಆಯ್ತದೆ ಕಣವ್ವಾ. ಅದೇನು ತೊಂದ್ರೆ ಇಲ್ಲ, ಬುಡಿ."

"ಎಷ್ಟು ಆಗುತ್ತೆ?"

"ಅದು... ಮೊದ್ಲಂಗಿಲ್ಲ. ಈಗ ಹನಿ ಹನಿ. ಯಾವಾಗ್ಲೂ ಒಸರ್ತಾನೇ ಇರ್ತದೆ."

ನಾಗಭೂಷಣ ಸಿಡಿದ. "ಏಯ್, ಹೆಣ್ಣುಮಗಳ ಮುಂದೆ ಏನ್ ಮಾತಾಡ್ತಿದೀಯ!"

"ಅವ್ವಾರೇ ಕೇಳುದ್ರು ಸಾಮಿ!"

ಶಾಂತಲಾ ಅವರಿಬ್ಬರ ಕಡೆ ತಿರುಗಲಿಲ್ಲ. ಅಪ್ಪನ ಮುಂದೆ ಮಂಡಿಯೂರಿ ಕೂತಳು. ಅವಳ ಕುತ್ತಿಗೆಯ ಕೆಂಪು ಕಿವಿಯವರೆಗೂ ಏರಿತ್ತು. ಚಿಕ್ಕಂದಿನಲ್ಲಿ ಹಸಿವನ್ನೂ ಬಾಯಿಬಿಟ್ಟು ಹೇಳದ ಹುಡುಗಿ, ಅಣ್ಣನ ಎದುರಿಗೆ, ಕೆಂಪಯ್ಯನ ಎದುರಿಗೆ, ಬೀದಿಗೆ ಕೇಳುವ ಹಾಗೆ ಕೇಳಿದಳು:

"ಅಪ್ಪಾ, ಉಚ್ಚೆ ಕಟ್ಕೊಂಡಿದ್ಯಾ?"

ಮನೆಯಲ್ಲಿ ಯುಪಿಎಸ್‌ನ ಕೂಗು ಒಂದೇ ಸಮನಾಯಿತು. ಹೊನ್ನಯ್ಯ ಕೈ ಚಾಚಿ ಮೌಸು ಹಿಡಿದು ಹೌದು ಎಂಬ ಗುಂಡಿಯನ್ನು ಒತ್ತಿದ. ಮತ್ತೆ ಒತ್ತಿದ. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒತ್ತುತ್ತಲೇ ಇದ್ದ. ಪರದೆ ಟಪ್ಪೆಂದು ಕಪ್ಪಾಯಿತು. ಅವನ ಬೆರಳು ನಿಲ್ಲಲಿಲ್ಲ.

ನಾಗಭೂಷಣನ ಅಂಗೈಯ ಮಾತ್ರೆ ಎಲ್ಲಿ ಬಿತ್ತೋ ಯಾರಿಗೂ ಗೊತ್ತಿಲ್ಲ. ಅವನೇ ಬಗ್ಗಿ ಅಪ್ಪನನ್ನು ತೋಳಿನ ಮೇಲೆ ಎತ್ತಿಕೊಂಡ, ಕೆಂಪಯ್ಯನಿಗೂ ಬಿಡಲಿಲ್ಲ. ಬೆಂಗಳೂರಿಗೆಂದು ಬಂದ ಕಾರು ಊರೊಳಗಿನ ದೊಡ್ಡಾಸ್ಪತ್ರೆಗೆ ತಿರುಗಿತು. ದಾರಿಯಲ್ಲಿ ಒಂದೊಂದು ಹಳ್ಳ ಹತ್ತಿ ಇಳಿದಾಗಲೂ ಹೊನ್ನಯ್ಯ ನರಳುತ್ತಿದ್ದ. ನಾಗಭೂಷಣ ಡ್ರೈವರಿಗೆ "ಬೇಗ ಹೋಗೋ" ಎನ್ನುವುದು, ಹಳ್ಳ ಬಂದರೆ "ಮೆತ್ತಗೆ ಹೋಗೋ" ಎನ್ನುವುದು. ಕೊನೆಗೆ ಡ್ರೈವರ್, "ಸಾರ್, ಯಾವ್ದಾದ್ರೂ ಒಂದ್ ಹೇಳಿ" ಎಂದ. ಯಾರೂ ನಗಲಿಲ್ಲ.

ಹೊನ್ನಯ್ಯನನ್ನು ಒಳಗೆ ಕರೆದುಕೊಂಡು ಹೋದವರು, ನಾಗಭೂಷಣನನ್ನು ಮಾತ್ರ ಜೊತೆಗೆ ಬಿಟ್ಟುಕೊಂಡು ಬಾಗಿಲು ಹಾಕಿಕೊಂಡರು. ಶಾಂತಲಾ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಸೀರೆ ಅವಳ ಮೈಮೇಲೇ ಒಣಗಿ ಮುದುಡಿತ್ತು. ನಾನು ಶಿವ ಶಿವಾ ಎನ್ನುತ್ತಾ ಕೂತೆ. ಒಳಗಿನಿಂದ ಒಂದು ದೊಡ್ಡ ನಿಟ್ಟುಸಿರು ಕೇಳಿತು. ಅದು ಹೊನ್ನಯ್ಯನದೇ. ಗುಬ್ಬಿ ಸಂತೆಯಲ್ಲಿ ಕೂಗಿ ಕೂಗಿ ಕೊನೆಗೆ ರಾಶಿಯ ಮೇಲೆ ಕೂತಾಗ ಬಿಡುತ್ತಿದ್ದನಲ್ಲ, ಅಂಥದ್ದು.

ನಾಗಭೂಷಣ ಹೊರಗೆ ಬಂದು ತಂಗಿಯ ಪಕ್ಕ ನಿಂತ. "ನಳಿಗೆ ಹಾಕಿದ್ರು. ಚೀಲ ತುಂಬೋಯ್ತು ಅಂತ ಇನ್ನೊಂದು ತರಿಸಿದ್ರು ಕಣೇ" ಎಂದ.

ಡಾಕ್ಟರು ವಯಸ್ಸಾದವರು, ನಿಧಾನಸ್ಥರು. ಏನೇನು ಮಾತ್ರೆ ಕೊಟ್ಟಿರಿ ಎಂದು ಕೇಳಿದರು. ನೆಗಡಿ ಮಾತ್ರೆ ಎಂದೆವು. ವಯಸ್ಸಾದ ಗಂಡಸರಿಗೆ ಕೆಲವು ನೆಗಡಿ ಮಾತ್ರೆಯಿಂದ ಹೀಗೆ ಕಟ್ಟಿಕೊಳ್ಳುವುದುಂಟಂತೆ. "ಆದರೆ ಬಟ್ಟೆ ಒದ್ದೆ ಆಗ್ತಿತ್ತಲ್ಲ ಸಾರ್?" ಎಂದು ನಾಗಭೂಷಣ ಕೇಳಿದ. ಡಾಕ್ಟರು, "ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ, ಇಲ್ಲಿ ತುಂಬಿದ ಕೊಡವೇ ತುಳುಕೋದು. ಎಲ್ಲರೂ ಅದರಿಂದಲೇ ಮೋಸ ಹೋಗೋದು" ಎಂದರು. ಇನ್ನೂ ತಡವಾಗಿದ್ದರೆ ಮೂತ್ರಪಿಂಡ ಕೆಡುತ್ತಿತ್ತು, ನಿದ್ದೆ ಮಾತ್ರೆ ಕೊಟ್ಟು ಬೆಂಗಳೂರಿನ ದಾರಿ ಹಿಡಿದಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದೂ ಅಂದರು. ನಾಗಭೂಷಣ ಅಲ್ಲೇ ಬೆಂಚಿನ ಮೇಲೆ ಕುಸಿದ. ಶಾಂತಲಾ ಅವನ ತಲೆಯ ಮೇಲೆ ಕೈಯಿಟ್ಟಳು.

ನಳಿಗೆ ತೆಗೆದು ಮನೆಗೆ ಬಂದ ಮೇಲೆ ಅವಳು ಮರದಲ್ಲಿ ಒಂದು ಚಿತ್ರ ಸೇರಿಸಲು ಕೂತಳು. ಇಡೀ ಮರ ಕಟ್ಟುವಾಗ ಪಡದ ಪಾಡು ಅದೊಂದಕ್ಕೆ ಪಟ್ಟಳು. ಮೊದಲು ಬರೆದದ್ದನ್ನು ಕೆಂಪಯ್ಯನಿಗೆ ತೋರಿಸಿದಳು.

"ಇದೇನು ಕೆಂಪಯ್ಯಾ?"

ಕೆಂಪಯ್ಯ ಬಹಳ ಹೊತ್ತು ನೋಡಿ, "ಹೂವಿನ ಕುಂಡ ಅಲ್ವ್ರಾ?" ಎಂದ.

ಹೊನ್ನಯ್ಯ ಒಂದೇ ಕಡೆಯ ಬಾಯಲ್ಲಿ ನಕ್ಕ. ಇಲ್ಲ ಎಂಬ ಗುಂಡಿ ಒತ್ತಿದ. ಅವಳು ಮತ್ತೆ ಬರೆದಳು, ಅವನು ಮತ್ತೆ ಇಲ್ಲ ಎಂದ. ಕೊನೆಗೆ ನಮ್ಮ ಹಿತ್ತಲಿನ ಮೂಲೆಯ ನೀಲಿ ತಗಡಿನ ಬಾಗಿಲನ್ನೇ ಇದ್ದ ಹಾಗೆ ಬರೆದಳು. ಹೌದು ಎಂದ. ಅದನ್ನು ಅವಳು ಯಾವ ಕೊಂಬೆಯ ಒಳಗೂ ಹಾಕಲಿಲ್ಲ. ಐದು ದೊಡ್ಡ ಚಿತ್ರದ ಸಾಲಿನಲ್ಲಿ, ಪೂಜೆಯಿಂದ ಆದಷ್ಟು ದೂರ, ಕೊನೆಗೆ ಆರನೆಯದಾಗಿ ಇಟ್ಟಳು. ತೆರೆಯುವುದಿಲ್ಲ, ಮುಚ್ಚುವುದಿಲ್ಲ, ಯಾವಾಗಲೂ ಕಾಣುತ್ತಿರುತ್ತದೆ. ಮಿಕ್ಕ ಕೊಂಬೆಗಳೂ ಈಗ ಅಪ್ಪ ಮುಚ್ಚಿದರೆ ಮಾತ್ರ ಮುಚ್ಚಿಕೊಳ್ಳುತ್ತಿದ್ದವು. ಪರದೆ ಸಂತೆಯ ಹಾಗಾಗುತ್ತಿತ್ತು, ಆಗಲಿ ಎಂದಳು.

ಸೆಂಟರಿನ ಹುಡುಗರು ಮತ್ತೆ ಬಂದಾಗ ಒಬ್ಬ, "ಮೇಡಂ, ಮೊದಲೇ ನೀಟಾಗಿತ್ತು" ಎಂದ. ಅವಳು, "ನೋಡೋರಿಗೆ ನೀಟಾಗಿತ್ತು ಕಣೋ" ಎಂದಷ್ಟೇ ಹೇಳಿ ಅವರಿಗೆ ಮಂಡಕ್ಕಿ ಕೊಟ್ಟಳು.

ಹೊನ್ನಯ್ಯನನ್ನು ನೋಡಲು ಹಾಗಲವಾಡಿಯಿಂದ ನೆಂಟರು ಬಂದರು. ನಿಂಗಮ್ಮ, ಅವಳ ಗಂಡ ಗುಂಡಯ್ಯ, ಸೊಸೆ, ಮೊಮ್ಮಕ್ಕಳು, ಕೋಣೆ ತುಂಬಾ ಜನ. ಹುಚ್ಚು ಹಿಡಿದಿದೆ ಎಂದು ಸುದ್ದಿ ಅಲ್ಲಿಗೂ ಮುಟ್ಟಿತ್ತು. ಗುಂಡಯ್ಯ ಹತ್ತಿರ ಬರಲು ಹೆದರಿ ಬಾಗಿಲಲ್ಲೇ ಕೂತಿದ್ದ. ಹೊನ್ನಯ್ಯ ಎಲ್ಲರಿಗೂ ಕಾಫಿ ಒತ್ತಿದ. ಕುಡಿದರು. "ಪರ್ವಾಗಿಲ್ಲ ಬುಡು, ಚೆನ್ನಾಗೇ ಅವ್ನೆ" ಎಂದು ಗುಂಡಯ್ಯ ಕುರ್ಚಿಯನ್ನು ಒಂದಿಷ್ಟು ಮುಂದೆ ಎಳೆದುಕೊಂಡ.

ಆಗ ಹೊನ್ನಯ್ಯನ ಕೈ ಮತ್ತೆ ಮೌಸಿನ ಕಡೆ ಹೋಯಿತು. ಪರದೆಯ ಮೇಲೆ ನೀಲಿ ಬಾಗಿಲಿನ ಸುತ್ತ ಕೆಂಪು ಚೌಕಟ್ಟು ಮೂಡಿತು.

ಹಿತ್ತಲಿಗೆ ಹೋಗಿ ಬಂದವರಿಗೆ ಆ ಬಾಗಿಲು ಯಾವುದೆಂದು ಗೊತ್ತಿತ್ತು. ನಿಂಗಮ್ಮ ಸೂರು ನೋಡಿದಳು, ಸೊಸೆ ಸೆರಗು ನೋಡಿಕೊಂಡಳು, ಗುಂಡಯ್ಯ ಖಾಲಿ ಲೋಟದೊಳಗೆ ನೋಡಿದ. ಶಾಂತಲಾ ಅಡುಗೆಮನೆ ಬಾಗಿಲಿಗೆ ಬಂದು ಪರದೆಯನ್ನೊಮ್ಮೆ ನೋಡಿ, ಹಿತ್ತಲಲ್ಲಿ ಬೀಡಿ ಸೇದುತ್ತಿದ್ದವನಿಗೆ ಕೇಳುವ ಹಾಗೆ ಕೂಗಿದಳು:

"ಕೆಂಪಯ್ಯಾ, ಬಾ ಇಲ್ಲಿ, ಅಪ್ಪ ಹೋಗ್ಬೇಕಂತೆ."

ಕೆಂಪಯ್ಯ ಬೀಡಿ ಆರಿಸಿ ಬರುವುದು ಕೊಂಚ ತಡವಾಯಿತು. ಹೊನ್ನಯ್ಯ ನೆಂಟರ ಮುಖ ಒಂದೊಂದಾಗಿ ನೋಡಿಕೊಂಡು, ಬೇಗ ಬರಲಿ ಎಂದು ಇನ್ನೊಮ್ಮೆ ಒತ್ತಿದ.